ಕೆಮ್ಮಣ್ಣು ಗೋಡೆಯ ಮೇಲೆ ನಿಂತ ಬಗೆ

ಕರ್ನಾಟಕದ ಚಿತ್ರಕಲೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಾಜವಂಶಗಳ ಜಾಡನ್ನೇ ಹಿಡಿದು, ಬಾದಾಮಿಯ ಚಾಲುಕ್ಯರಿಂದ ಆರಂಭಿಸಿ, ಕಲ್ಯಾಣ ಮತ್ತು ವಿಜಯನಗರಗಳನ್ನು ದಾಟಿ, ಮೈಸೂರು ಅರಮನೆಯ ಚಿತ್ರಗಾರರವರೆಗೆ ಬಂದು ನಿಲ್ಲುತ್ತಾರೆ. ಈ ಕ್ರಮದಲ್ಲಿ ಶೈಲಿಯೂ ಕಥಾವಸ್ತುವೂ ಆಶ್ರಯದಾತರ ಹೆಸರುಗಳೂ ಸಿಗುತ್ತವೆ. ಆದರೆ ಗೋಡೆಯ ಮೇಲಿನ ಬಣ್ಣ ಯಾವ ನೆಲದಿಂದ ಬಂತು, ಅದನ್ನು ಹೇಗೆ ತೊಳೆದು ಅರೆದು ಹದಗೊಳಿಸಿದರು, ಕಲ್ಲಿಗೋ ಗಾರೆಗೋ ಮಣ್ಣಿಗೋ ಅದು ಯಾವುದರ ಬಲದಿಂದ ಅಂಟಿಕೊಂಡಿತು ಎಂಬ ಪ್ರಶ್ನೆಗಳು ಅಡಿಟಿಪ್ಪಣಿಗಳಿಗೆ ಸರಿದುಬಿಡುತ್ತವೆ. ಈ ಪ್ರಶ್ನೆಗಳನ್ನೇ ಮುಂದಿಟ್ಟುಕೊಂಡು ನೋಡಿದಾಗ ಕಾಣುವ ಚರಿತ್ರೆಯ ನಡುವೆ ಇರುವುದು ಕೆಮ್ಮಣ್ಣು. ಕಲ್ಲಾಸರೆಯ ಬೇಟೆಗಾರ, ಅರಮನೆಯ ಚಿತ್ರಗಾರ, ಕರಾವಳಿಯ ಗಾರೆಕೆಲಸದವ, ಮಲೆನಾಡಿನ ಒಕ್ಕಲು ಮನೆಯ ಹೆಣ್ಣುಮಗಳು ಇವರೆಲ್ಲರೂ ಬಳಸಿದ್ದು ಹೆಚ್ಚುಕಡಿಮೆ ಒಂದೇ ಕೆಂಪನ್ನು. ಅದನ್ನು ಗೋಡೆಯ ಮೇಲೆ ನಿಲ್ಲಿಸಲು ಅವರವರು ಕಂಡುಕೊಂಡ ಉಪಾಯಗಳು ಮಾತ್ರ ಬೇರೆಬೇರೆ.

ಈ ಮಣ್ಣಿಗೆ ಕನ್ನಡದಲ್ಲಿ ಕೆಮ್ಮಣ್ಣು, ಕಾವಿ, ಕಾವಿಕಲ್ಲು, ಜಾಜು ಎಂಬ ಹೆಸರುಗಳಿವೆ. ಶಾಸ್ತ್ರಗ್ರಂಥಗಳು ಇದನ್ನು ಗೈರಿಕ, ಅಂದರೆ ಗಿರಿಯಲ್ಲಿ ಹುಟ್ಟಿದ್ದು, ಎಂದು ಕರೆಯುತ್ತವೆ. ಸನ್ಯಾಸಿಗಳು ಉಡುವ ಬಟ್ಟೆಗೆ ಕಾವಿ ಎಂಬ ಹೆಸರು ಬಂದಿರುವುದೂ ಇದೇ ಮಣ್ಣಿನಿಂದ. ರಾಸಾಯನಿಕವಾಗಿ ಇದರ ಕೆಂಪು ಕಬ್ಬಿಣದ ಆಕ್ಸೈಡಿನದು, ಅಂದರೆ ಕಬ್ಬಿಣವು ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ಆದ ವಸ್ತುವಿನದು. ಸಂಡೂರು, ಹೊಸಪೇಟೆ, ಬಳ್ಳಾರಿಯ ಬೆಟ್ಟಸಾಲುಗಳಿಂದ ಇಂದು ಅದುರಿನ ರೂಪದಲ್ಲಿ ಲಾರಿಗಟ್ಟಲೆ ಹೊರಹೋಗುವ ಹೆಮಟೈಟ್ ಖನಿಜವೂ ಅದೇ. ಇದೇ ಕಬ್ಬಿಣದ ಆಕ್ಸೈಡಿನೊಳಗೆ ನೀರು ಬೆರೆತು ಕಟ್ಟಿಕೊಂಡಾಗ ಮಣ್ಣು ಹಳದಿಯಾಗುತ್ತದೆ, ಅಂಥ ಹಳದಿ ಮಣ್ಣನ್ನು ಬೆಂಕಿಯಲ್ಲಿ ಸುಟ್ಟರೆ ನೀರಿನಂಶ ಹಾರಿಹೋಗಿ ಕೆಂಪಾಗುತ್ತದೆ. ಹೀಗಾಗಿ ಮಣ್ಣು ಮತ್ತು ಒಲೆ ಎರಡಿದ್ದವನಿಗೆ ಹಳದಿಯಿಂದ ಗಾಢ ಕೆಂಪಿನವರೆಗಿನ ಬಣ್ಣಗಳೆಲ್ಲ ಕೈಗೆಟುಕುವಂತಿದ್ದವು. ಬಿಳುಪಿಗೆ ಸುಣ್ಣ ಅಥವಾ ಜೇಡಿ, ಕಪ್ಪಿಗೆ ಕಾಡಿಗೆ ಅಥವಾ ಇದ್ದಿಲು ಸೇರಿದರೆ ಕರ್ನಾಟಕದ ಗೋಡೆಚಿತ್ರಗಳ ಮೂಲ ಬಣ್ಣಗಳು ಪೂರ್ಣವಾಗುತ್ತವೆ.

ಆದರೆ ನೆಲದಿಂದ ಅಗೆದ ಕೆಮ್ಮಣ್ಣು ಅದೇ ಸ್ಥಿತಿಯಲ್ಲಿ ಬಣ್ಣವಲ್ಲ. ಅದರಲ್ಲಿ ಮರಳು, ಹರಳು, ಬೇರು, ಬೇರೆ ಮಣ್ಣು ಎಲ್ಲವೂ ಸೇರಿರುತ್ತವೆ. ಹೆಂಟೆಯನ್ನು ಕುಟ್ಟಿ, ನೀರಿನಲ್ಲಿ ಕದಡಿ, ದಪ್ಪ ಕಣಗಳು ತಳಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಪಾತ್ರೆಗೆ ಬಸಿದು, ಅದು ತಿಳಿಯಾದ ಮೇಲೆ ತಳದಲ್ಲಿ ಉಳಿದ ನಯವಾದ ಗಸಿಯನ್ನು ಒಣಗಿಸಿಕೊಳ್ಳಬೇಕು. ಒಮ್ಮೆ ಸಾಲದಿದ್ದರೆ ಮತ್ತೊಮ್ಮೆ ಬಸಿಯಬೇಕು. ಕಣ ನಯವಾದಷ್ಟೂ ಬಣ್ಣ ಗಟ್ಟಿಯಾಗಿ ಹರಡುತ್ತದೆ, ಗೋಡೆಯ ಸಣ್ಣ ರಂಧ್ರಗಳೊಳಗೆ ಇಳಿದು ಕೂರುತ್ತದೆ. ಬಣ್ಣ ಮಾಡುವ ಕೆಲಸದ ಬಹುಪಾಲು ನೀರಿನಲ್ಲಿ ಮಣ್ಣನ್ನು ಕಾಯುವ ಕೆಲಸವೇ ಆಗಿತ್ತು ಎಂಬುದನ್ನು ಮರೆತರೆ, ಈ ಚಿತ್ರಗಳ ಹಿಂದಿನ ದುಡಿಮೆಯಲ್ಲಿ ದೊಡ್ಡ ಭಾಗವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಈ ಚರಿತ್ರೆಯ ಮೊದಲ ಕುರುಹುಗಳು ತುಂಗಭದ್ರಾ ಮತ್ತು ಮಲಪ್ರಭಾ ನದಿಗಳ ಸುತ್ತಲಿನ ಬಂಡೆಗಳಲ್ಲಿವೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನಲ್ಲಿ, ಬೃಹತ್ ಶಿಲಾಸಮಾಧಿಗಳು ನೂರಾರು ಸಂಖ್ಯೆಯಲ್ಲಿ ನಿಂತಿರುವ ಬೆಟ್ಟದ ಆಸುಪಾಸಿನ ಕಲ್ಲಾಸರೆಗಳಲ್ಲಿ, ಅಂದರೆ ಬಂಡೆಯ ಚಾಚುವಿಕೆಯ ಅಡಿಯಲ್ಲಿ ತಾನಾಗಿ ಆದ ನೆರಳುತಾಣಗಳಲ್ಲಿ, ಮನುಷ್ಯರು, ದನಗಳು, ಕುದುರೆಗಳು, ಬೇಟೆಯ ಮತ್ತು ಕುಣಿತದ ದೃಶ್ಯಗಳು ಕೆಮ್ಮಣ್ಣಿನಲ್ಲಿ ಮೂಡಿವೆ. ಆನೆಗೊಂದಿಯ ಸಮೀಪದ ಒನಕೆ ಕಿಂಡಿಯಲ್ಲಿಯೂ, ಬಾದಾಮಿಯ ಬಳಿಯ ಸಿಡಿಲಫಡಿಯಲ್ಲಿಯೂ ಇಂಥ ಚಿತ್ರಗಳಿವೆ. ಇವುಗಳ ಕಾಲನಿರ್ಣಯ ಕಷ್ಟವಾಗಿರುವುದಕ್ಕೆ ಕಾರಣ ಬಣ್ಣದಲ್ಲಿಯೇ ಇದೆ: ಪುರಾತನ ವಸ್ತುಗಳ ವಯಸ್ಸನ್ನು ಅಳೆಯುವ ಇಂಗಾಲದ ಪರೀಕ್ಷೆಗೆ ಒಮ್ಮೆ ಜೀವವಿದ್ದ ಪದಾರ್ಥವೊಂದು ಬೇಕು, ಕೆಮ್ಮಣ್ಣಿನಲ್ಲಿರುವುದು ಕಬ್ಬಿಣ ಮಾತ್ರ. ಆದ್ದರಿಂದ ವಿದ್ವಾಂಸರು ಕುದುರೆ, ಆಯುಧ ಮೊದಲಾದ ವಸ್ತುಗಳ ರೂಪವನ್ನೂ ಹತ್ತಿರದ ನೆಲೆಗಳಲ್ಲಿ ಸಿಕ್ಕ ಮಡಕೆ ಮತ್ತು ಉಪಕರಣಗಳನ್ನೂ ಹೋಲಿಸಿ ಕಾಲವನ್ನು ಊಹಿಸಬೇಕಾಗುತ್ತದೆ.

ಕಲ್ಲಾಸರೆಯಲ್ಲಿ ಬಣ್ಣವನ್ನು ನಿಲ್ಲಿಸಿದ್ದು ಬಂಡೆಯೇ. ನಯವಾಗಿ ಅರೆದ ಕೆಮ್ಮಣ್ಣು ಕಲ್ಲಿನ ಮೇಲ್ಮೈಯ ಸೂಕ್ಷ್ಮ ಕುಳಿಗಳಲ್ಲಿ ಸೇರಿಕೊಂಡ ಮೇಲೆ, ಬಂಡೆಯ ಮೈಮೇಲೆ ಜಿನುಗುವ ನೀರು ತನ್ನೊಡನೆ ತಂದ ಖನಿಜಾಂಶವನ್ನು ಬಿಟ್ಟು ಆರುತ್ತದೆ. ಕಾಲಾಂತರದಲ್ಲಿ ಅದು ಚಿತ್ರದ ಮೇಲೆ ತೆಳುವಾದ ಪೊರೆಯಾಗಿ ಕಟ್ಟಿಕೊಳ್ಳುತ್ತದೆ. ಚಾಚಿದ ಬಂಡೆ ಮಳೆಯನ್ನೂ ಬಿಸಿಲನ್ನೂ ತಡೆಯುತ್ತದೆ. ಎಲ್ಲೆಂದರಲ್ಲಿ ಬರೆದ ಚಿತ್ರಗಳಲ್ಲಿ ಇಂಥ ಅನುಕೂಲವಿದ್ದ ಜಾಗದವು ಮಾತ್ರ ಉಳಿದವು ಎಂದು ಭಾವಿಸುವುದೇ ಹೆಚ್ಚು ಸರಿ; ಬಯಲಿನ ಬಂಡೆಗಳ ಮೇಲೆ, ಗುಡಿಸಲಿನ ಗೋಡೆಗಳ ಮೇಲೆ, ಮೈಮೇಲೆ ಬಳಿದುಕೊಂಡ ಕೆಮ್ಮಣ್ಣಿನ ಕುರುಹು ಉಳಿಯುವ ದಾರಿಯೇ ಇರಲಿಲ್ಲ.

ಬಂಡೆಯ ಹೊರಗೆ ಆ ಕಾಲದ ಕೆಮ್ಮಣ್ಣು ಉಳಿದಿರುವುದು ಮಡಕೆಗಳ ಮೇಲೆ. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಂಥ ನವಶಿಲಾಯುಗದ ನೆಲೆಗಳಲ್ಲಿ, ಮಡಕೆಯನ್ನು ಸುಟ್ಟ ನಂತರ ಅದರ ಬೂದುಮೈಯ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದ ಮಾದರಿಗಳು ದೊರೆತಿವೆ. ಬೆಂಕಿ ಕಾಣದ ಈ ಬಣ್ಣ ಉಜ್ಜಿದರೆ ಹೋಗುವಂಥದು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಕುಂಬಾರರು ಇದಕ್ಕೊಂದು ಪರಿಹಾರವನ್ನು ಕಂಡುಕೊಂಡಿದ್ದರು. ಮಾರ್ಟಿಮರ್ ವ್ಹೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ನಡೆಸಿದ ಉತ್ಖನನದಲ್ಲಿ ಸಿಕ್ಕ ಒಂದು ಬಗೆಯ ಮಡಕೆಗಳಲ್ಲಿ, ಮೊದಲು ಬಿಳಿಯ ಜೇಡಿ ಅಥವಾ ಸುಣ್ಣದಿಂದ ಗೆರೆಗಳನ್ನು ಎಳೆದು, ಅದರ ಮೇಲೆ ಕೆಮ್ಮಣ್ಣಿನ ತೆಳು ನೀರನ್ನು ಬಳಿದು, ಆಮೇಲೆ ಆವಿಗೆಯಲ್ಲಿ ಸುಡಲಾಗಿದೆ. ಕೆಂಪಿನ ಅಡಿಯಿಂದ ಬಿಳಿ ಗೆರೆ ಇಣುಕುವ ಈ ವಿನ್ಯಾಸವನ್ನು ಮುಂದೆ ಕರಾವಳಿಯ ಗಾರೆಗೋಡೆಗಳ ಬಗ್ಗೆ ಹೇಳುವಾಗ ನೆನಪಿಟ್ಟುಕೊಳ್ಳಬೇಕು. ಎರಡಕ್ಕೂ ನೇರ ಸಂಬಂಧವಿದೆ ಎನ್ನಲು ಆಧಾರವಿಲ್ಲವಾದರೂ, ಬಿಳಿಯನ್ನು ಕೆಳಗಿಟ್ಟು ಕೆಂಪನ್ನು ಮೇಲಿಡುವ ಯೋಚನೆ ಈ ನೆಲಕ್ಕೆ ಹೊಸದಾಗಿರಲಿಲ್ಲ.

ಕೊರೆದ ಗುಹೆಗಳ ಕಾಲಕ್ಕೆ ಬಂದಾಗ ಬಣ್ಣಕ್ಕಿಂತ ಮೊದಲು ನೆಲಗಟ್ಟನ್ನು, ಅಂದರೆ ಚಿತ್ರ ಕೂರುವ ಮೇಲ್ಮೈಯನ್ನು, ಸಿದ್ಧಪಡಿಸುವ ವಿದ್ಯೆ ಬೆಳೆದಿರುವುದು ಕಾಣುತ್ತದೆ. ಅಜಂತಾದಲ್ಲಿ ಒರಟು ಬಂಡೆಯ ಮೇಲೆ ಹೊಟ್ಟು ಮತ್ತು ನಾರು ಬೆರೆಸಿದ ಮಣ್ಣಿನ ಮೆತ್ತಿಗೆಯನ್ನು ಹಚ್ಚಿ, ಅದರ ಮೇಲೆ ತೆಳುವಾದ ಬಿಳಿಯ ಲೇಪ ಕೊಟ್ಟು, ಬಳಿಕ ಚಿತ್ರ ಬರೆಯಲಾಗಿದೆ; ಕೆಂಪು, ಹಳದಿಗಳ ಜೊತೆಗೆ ದಖನ್ನಿನ ಕಪ್ಪುಶಿಲೆಯ ಪದರಗಳಲ್ಲಿ ಸಿಗುವ ಹಸಿರು ಮಣ್ಣೂ ಅಲ್ಲಿ ಬಳಕೆಯಾಗಿದೆ. ಬಾದಾಮಿಯ ಮೂರನೆಯ ಗುಹೆ ಮಂಗಲೇಶನ ಶಾಸನದಿಂದಾಗಿ ಕ್ರಿ.ಶ. 578ಕ್ಕೆ ಖಚಿತವಾಗಿ ಸೇರುವ ವಿಷ್ಣುಮಂದಿರ. ಅದರ ಮುಂಚೂಣಿಯ ಬಾಗಿದ ಸೂರಿನ ಒಳಮೈಯಲ್ಲಿ ಉಳಿದಿರುವ ಚಿತ್ರದ ತುಣುಕುಗಳನ್ನು ಸ್ಟೆಲ್ಲಾ ಕ್ರಾಮ್‌ರಿಶ್ 1936ರಲ್ಲಿ ಪ್ರಕಟಿಸಿದ ಲೇಖನ ವಿದ್ವತ್ಪ್ರಪಂಚದ ಗಮನಕ್ಕೆ ತಂದಿತು. ಅರಮನೆಯ ಸಭೆ, ನರ್ತನ, ಆಸೀನರಾದ ರಾಜದಂಪತಿಗಳು ಅಲ್ಲಿ ಇನ್ನೂ ಮಸುಕಾಗಿ ಗುರುತಿಗೆ ಸಿಗುತ್ತಾರೆ. ಇಷ್ಟೂ ಉಳಿದಿರುವುದು ಸೂರಿನ ಮರೆಯಲ್ಲಿದ್ದುದರಿಂದ. ಉಳಿದೆಡೆ ಲೇಪವೇ ಕಳಚಿ ಬಿದ್ದು ಕೆಂಪು ಮರಳುಗಲ್ಲು ಮತ್ತೆ ಬರಿದಾಗಿದೆ. ಲೇಪ ಬಿದ್ದರೆ ಬಣ್ಣ ಎಷ್ಟು ಗಟ್ಟಿಯಾಗಿದ್ದರೂ ಅದರೊಡನೆಯೇ ಬೀಳುತ್ತದೆ ಎಂಬ ಸತ್ಯವನ್ನು ಈ ಗುಹೆಗಳು ಕಣ್ಣೆದುರಿಗೇ ತೋರಿಸುತ್ತವೆ.

ಲೇಪದ ಬಗ್ಗೆ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಅತ್ಯಂತ ವಿವರವಾದ ಬರಹ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನದು. ಆರನೆಯ ವಿಕ್ರಮಾದಿತ್ಯನ ಮಗನಾದ ಈತ 1126ರ ಸುಮಾರಿಗೆ ಪಟ್ಟಕ್ಕೆ ಬಂದು 1138ರವರೆಗೆ ಆಳಿದ. ಭೂಲೋಕಮಲ್ಲ, ಸರ್ವಜ್ಞ ಎಂಬ ಬಿರುದುಗಳನ್ನು ಹೊತ್ತಿದ್ದ. ಅವನ ಸಂಸ್ಕೃತ ಗ್ರಂಥ ಮಾನಸೋಲ್ಲಾಸ, ಇನ್ನೊಂದು ಹೆಸರಿನಿಂದ ಅಭಿಲಷಿತಾರ್ಥ ಚಿಂತಾಮಣಿ, ರಾಜನೀತಿಯಿಂದ ಅಡುಗೆಯವರೆಗೆ ನೂರು ವಿಷಯಗಳನ್ನು ಐದು ವಿಂಶತಿಗಳಲ್ಲಿ, ಅಂದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಗುಂಪುಗಳಲ್ಲಿ, ಹೇಳುತ್ತದೆ. ಚಿತ್ರಕಲೆಯ ಮಾತು ಬರುವುದು ಮೂರನೆಯ ವಿಂಶತಿಯಲ್ಲಿ, ಅರಸನ ಮನೆಯನ್ನು ಕಟ್ಟಿಸುವ ಸಂದರ್ಭದಲ್ಲಿ. ಈ ಸ್ಥಾನವೇ ಅರ್ಥಪೂರ್ಣವಾಗಿದೆ, ಏಕೆಂದರೆ ಗ್ರಂಥಕಾರನ ಪಾಲಿಗೆ ಚಿತ್ರವು ಗೋಡೆ ಕಟ್ಟುವ ಕೆಲಸದ ಮುಂದುವರಿಕೆ. ಗೋಡೆ ಆದ ಮೇಲೆ ಹೊರಗಿನಿಂದ ತಂದು ಅಂಟಿಸುವ ಅಲಂಕಾರವಲ್ಲ.

ಸೋಮೇಶ್ವರನ ವಿವರಣೆಯ ಕೇಂದ್ರದಲ್ಲಿ ವಜ್ರಲೇಪ ಎಂಬ ಅಂಟು ಇದೆ. ಎಮ್ಮೆಯ ಹಸಿ ಚರ್ಮವನ್ನು ನೀರಿನಲ್ಲಿ ಹಾಕಿ, ಅದು ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಕುದಿಸಿ, ನೀರು ಬತ್ತಿದ ಮೇಲೆ ಉಳಿದ ಮುದ್ದೆಯನ್ನು ಕಡ್ಡಿಗಳಾಗಿ ಹೊಸೆದು, ಬಿಸಿಲಿನಲ್ಲಿ ಗಟ್ಟಿಯಾಗಿ ಒಣಗಿಸಬೇಕು. ಬೇಕೆನಿಸಿದಾಗ ಈ ಕಡ್ಡಿಯನ್ನು ಮಣ್ಣಿನ ಪಾತ್ರೆಯಲ್ಲಿ ಬಿಸಿನೀರಿಗೆ ಹಾಕಿ ಕರಗಿಸಿದರೆ ಬಣ್ಣಕ್ಕೆ ಬೆರೆಸುವ ಅಂಟು ಸಿದ್ಧ. ಮೊದಲು ಇದಕ್ಕೆ ಬಿಳಿ ಮಣ್ಣನ್ನು ಬೆರೆಸಿ, ನಯಗೊಳಿಸಿದ ಗೋಡೆಗೆ ಒಂದು ಒಣಗಿದ ಮೇಲೆ ಇನ್ನೊಂದರಂತೆ ಮೂರು ಬಾರಿ ಬಳಿಯಬೇಕು. ಆಮೇಲೆ ಶಂಖದ ಪುಡಿ, ಕೊನೆಗೆ ನೀಲಗಿರಿಯಲ್ಲಿ ಸಿಗುವ ನಾಗವೆಂಬ ಬಿಳಿಯ ಖನಿಜದ ನಯವಾದ ಪುಡಿ ಇವುಗಳ ಲೇಪ ಆಗಬೇಕು. ಚಿತ್ರ ಬರೆಯುವವನು ಕುಂಚವನ್ನು ಮುಟ್ಟುವುದು ಇಷ್ಟೆಲ್ಲ ಮುಗಿದ ಮೇಲೆಯೇ. ಕಾಡಿಗೆಯನ್ನು ಅನ್ನದ ಗಂಜಿಯೊಡನೆ ಅರೆದು ಮಾಡಿದ ವರ್ತಿಕೆಯಿಂದ, ಅಂದರೆ ಕರಿಯ ಬರೆಗೋಲಿನಿಂದ, ಮೊದಲ ರೇಖೆಯನ್ನು ಎಳೆಯಬೇಕು. ಕರುವಿನ ಕಿವಿಯ ಕೂದಲನ್ನು ಅರಗಿನಿಂದ ಅಂಟಿಸಿ ಮಾಡಿದ ಕುಂಚವು ಬಣ್ಣ ತುಂಬಲು.

ಬಣ್ಣಗಳನ್ನು ಸೋಮೇಶ್ವರ ಶುದ್ಧ ಮತ್ತು ಮಿಶ್ರ ಎಂದು ವಿಂಗಡಿಸುತ್ತಾನೆ. ಬಿಳುಪಿಗೆ ಶಂಖ, ಕಪ್ಪಿಗೆ ಕಾಡಿಗೆ, ಹಳದಿಗೆ ಹರಿತಾಳ ಎನ್ನುವ ಆತನ ಪಟ್ಟಿಯಲ್ಲಿ ಕೆಂಪಿಗೆ ಮಾತ್ರ ಒಂದಕ್ಕಿಂತ ಹೆಚ್ಚು ಮೂಲಗಳಿವೆ: ಪಾದರಸದ ಅದುರಾದ ಇಂಗಲೀಕ, ಕೀಟದಿಂದ ಬರುವ ಅರಗಿನ ರಸ, ಮತ್ತು ಗೈರಿಕ. ಈ ಮೂರರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಇಂಗಲೀಕದ ಕೆಂಪು ಉಜ್ವಲವಾದದ್ದು, ಆದರೆ ಬೆಳಕಿಗೆ ಬಿದ್ದು ಬಿದ್ದು ಕಪ್ಪಾಗುವ ಸ್ವಭಾವದ್ದು. ಅರಗಿನ ರಸ ಬಿಸಿಲಿಗೆ ಮಾಸುತ್ತದೆ. ಕೆಮ್ಮಣ್ಣು ಮೊದಲಿನಿಂದಲೂ ತುಸು ಮಂಕು, ಆದರೆ ಬೆಳಕಾಗಲಿ ಗಾಳಿಯಾಗಲಿ ಸುಣ್ಣದ ಕ್ಷಾರವಾಗಲಿ ಅದನ್ನು ಅಲುಗಿಸುವುದಿಲ್ಲ. ದೂರದ ಪೇಟೆಯಿಂದ ಬೆಲೆಕೊಟ್ಟು ತರಿಸಿದ ಬಣ್ಣಗಳ ಪಕ್ಕದಲ್ಲಿ ಮನೆಯ ಹಿತ್ತಿಲಿನ ಮಣ್ಣು ಅರಸನ ಪಟ್ಟಿಯಲ್ಲಿ ಜಾಗ ಪಡೆದದ್ದಕ್ಕೆ ಈ ಗಟ್ಟಿತನವೂ ಒಂದು ಕಾರಣವಾಗಿರಬೇಕು.

ಅದೇ ಅಧ್ಯಾಯದಲ್ಲಿ ಚಿತ್ರಗಳ ಬಗೆಗಳನ್ನು ಹೇಳುವಾಗ ಸೋಮೇಶ್ವರ ಧೂಳಿಚಿತ್ರ ಎಂಬ ಒಂದನ್ನು ಸೇರಿಸುತ್ತಾನೆ. ಒಣ ಪುಡಿಗಳಿಂದ ಬಿಡಿಸುವ ಈ ಚಿತ್ರಕ್ಕೆ ಅಂಟೇ ಇಲ್ಲ. ಎಮ್ಮೆಯ ಚರ್ಮವನ್ನು ಕುದಿಸಿ ಬಣ್ಣವನ್ನು ಶಾಶ್ವತಗೊಳಿಸುವ ವಿಧಾನವನ್ನು ಬರೆದ ಲೇಖನಿಯೇ, ಗಾಳಿ ಬೀಸಿದರೆ ಅಳಿಸಿಹೋಗುವ ಚಿತ್ರವನ್ನೂ ಚಿತ್ರವೆಂದೇ ಎಣಿಸಿತು. ಅಂಗಳದ ರಂಗೋಲಿಯನ್ನು ಚಿತ್ರಕಲೆಯ ಹೊರಗಿಟ್ಟು ನೋಡುವ ಆಧುನಿಕ ಅಭ್ಯಾಸಕ್ಕಿಂತ ಹನ್ನೆರಡನೆಯ ಶತಮಾನದ ಈ ದೃಷ್ಟಿ ವಿಶಾಲವಾಗಿತ್ತು ಎಂದು ಹೇಳದೆ ಇರಲಾಗದು.

ವಿಜಯನಗರದ ಕಾಲದಲ್ಲಿ ಚಿತ್ರದ ಮುಖ್ಯ ತಾಣ ದೇವಾಲಯದ ಮಂಟಪಗಳ ಚಾವಣಿಯಾಯಿತು. ಲೇಪಾಕ್ಷಿಯ ವೀರಭದ್ರ ದೇವಾಲಯ, ಹಂಪಿಯ ವಿರೂಪಾಕ್ಷನ ರಂಗಮಂಟಪ ಇವು ಪ್ರಸಿದ್ಧ ನಿದರ್ಶನಗಳು. ಸುಣ್ಣದ ಗಾರೆಯ ತೆಳು ಪದರದ ಮೇಲೆ ಕೆಂಪು, ಹಳದಿ, ಕಪ್ಪು, ಬಿಳಿಗಳೇ ಪ್ರಧಾನವಾಗಿರುವ ಅವುಗಳ ವರ್ಣಕ್ರಮದಲ್ಲಿ ಮಣ್ಣಿನ ಬಣ್ಣದ ಆಳ್ವಿಕೆ ಸ್ಪಷ್ಟ. 1930ರ ದಶಕದಿಂದ ಎಸ್. ಪರಮಶಿವನ್ ದಕ್ಷಿಣ ಭಾರತದ ಭಿತ್ತಿಚಿತ್ರಗಳ ಗಾರೆ ಮತ್ತು ಬಣ್ಣಗಳನ್ನು ರಾಸಾಯನಿಕವಾಗಿ ಪರೀಕ್ಷಿಸುವ ಕೆಲಸಕ್ಕೆ ತೊಡಗಿದ ಮೇಲೆ, ಬರಿಗಣ್ಣಿನ ಊಹೆಯಾಗಿದ್ದ ಎಷ್ಟೋ ಸಂಗತಿಗಳು ಪ್ರಯೋಗಾಲಯದ ತಿಳಿವಳಿಕೆಯಾದವು. ಈ ಚಾವಣಿಗಳ ಬಗ್ಗೆ ಸಾಕಷ್ಟು ಬರೆದಾಗಿದೆ. ಅವುಗಳಿಗಿಂತ ಕಡಿಮೆ ಗಮನ ಪಡೆದ, ಆದರೆ ಕೆಮ್ಮಣ್ಣಿನ ಚರಿತ್ರೆಯಲ್ಲಿ ಅವುಗಳಿಗಿಂತ ದೊಡ್ಡ ಹೆಜ್ಜೆಯಾದ ಒಂದು ಕಲೆ ಪಶ್ಚಿಮ ಕರಾವಳಿಯಲ್ಲಿದೆ.

ಕಾವಿ ಕಲೆ ಎಂದೇ ಹೆಸರಾದ ಇದು ಮಹಾರಾಷ್ಟ್ರದ ದಕ್ಷಿಣ ಕೊಂಕಣದಿಂದ ಗೋವಾ, ಉತ್ತರ ಕನ್ನಡಗಳ ಮೂಲಕ ಹಬ್ಬಿದ್ದು, ದೇವಾಲಯಗಳ ಹೊರಗೋಡೆಗಳಲ್ಲಿಯೂ ಹಳೆಯ ದೊಡ್ಡ ಮನೆಗಳಲ್ಲಿಯೂ ಕಾಣಸಿಗುತ್ತದೆ. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯಾ ದೇವಾಲಯ, ಗೋವಾದ ಮೊರ್ಜಿಯ ಮೊರ್ಜಾಯಿ ದೇವಾಲಯ ಇದರ ಹೆಸರಾಂತ ನೆಲೆಗಳು. ಈ ಕರಾವಳಿಯ ನೆಲವೇ ಕೆಂಪು. ಇಲ್ಲಿನ ಮುರಕಲ್ಲು, ಅಥವಾ ಜಂಬಿಟ್ಟಿಗೆ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಕಬ್ಬಿಣಭರಿತ ಶಿಲೆ; ಮೈಸೂರು, ಕೆನರಾ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇದಕ್ಕೆ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಆದರೆ ಮುರಕಲ್ಲಿನ ಗೋಡೆ ತೂತುತೂತಾದದ್ದು. ವರ್ಷದಲ್ಲಿ ನಾಲ್ಕು ತಿಂಗಳು ಸುರಿಯುವ ಮಳೆಯನ್ನು ತಡೆಯಲು ಅದಕ್ಕೆ ಗಟ್ಟಿಯಾದ ಗಾರೆ ಬೇಕೇಬೇಕು. ಅಂಟು ಬೆರೆಸಿದ ಬಣ್ಣ ಅಂಥ ಮಳೆಯ ಎದುರು ಒಂದು ಋತುವೂ ನಿಲ್ಲದು. ಕಾವಿ ಕಲೆ ಹುಟ್ಟಿದ್ದು ಈ ಮಳೆಯ ಒತ್ತಾಯದಿಂದ ಎಂದರೆ ತಪ್ಪಾಗಲಾರದು.

ಅದರ ವಿಧಾನ ಹೀಗಿದೆ. ಕಡಲು ಮತ್ತು ಅಳಿವೆಗಳಲ್ಲಿ, ಅಂದರೆ ನದಿ ಸಮುದ್ರ ಸೇರುವ ಜಾಗಗಳಲ್ಲಿ, ಸಿಗುವ ಚಿಪ್ಪುಗಳನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಿ, ಅದನ್ನು ತೊಳೆದ ಹೊಳೆಮರಳು ಮತ್ತು ಬೆಲ್ಲದ ನೀರಿನೊಡನೆ ಕಲಸಿ, ಹಲವು ದಿನ ಕೊಳೆಯಲು ಬಿಟ್ಟು, ಮತ್ತೆ ಮತ್ತೆ ಕುಟ್ಟಿ ಮೇಣದಂಥ ಹದಕ್ಕೆ ತರಲಾಗುತ್ತದೆ. ಗೋಡೆಯನ್ನು ನೀರಿನಿಂದ ತಣಿಸಿ ಈ ಬಿಳಿಯ ಗಾರೆಯನ್ನು ಬಳಿದು, ಅದು ಹಸಿಯಿರುವಾಗಲೇ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳುವಾದ ಕೆಂಪು ಪದರವನ್ನು ಅದರ ಮೇಲೆ ಹಚ್ಚಿ, ಹೊಳೆಯ ಉರುಟುಕಲ್ಲಿನಿಂದ ಉಜ್ಜಿ ನಯಗೊಳಿಸುತ್ತಾರೆ. ಅನಂತರ ಅಳತೆಕೋಲು ಮತ್ತು ಕೈವಾರಗಳಿಂದ ವಿನ್ಯಾಸವನ್ನು ಗುರುತಿಸಿ, ಕಂಟವೆಂಬ ಮೊನಚಾದ ಉಕ್ಕಿನ ಸಲಕರಣೆಯಿಂದ ಬೇಡವಾದ ಕಡೆ ಕೆಂಪನ್ನು ಕೆರೆದು ತೆಗೆಯುತ್ತಾರೆ; ಕೆರೆದಲ್ಲೆಲ್ಲ ಅಡಿಯ ಬಿಳುಪು ಹೊರಬರುತ್ತದೆ. ಗಾರೆ ಒಣಗಿ ಬಿಗಿಯುವ ಮುನ್ನ ಇದೆಲ್ಲ ಮುಗಿಯಬೇಕಾದ್ದರಿಂದ, ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಗೋಡೆಗೆ ಮಾತ್ರ ಕೆಂಪು ಹಚ್ಚಬೇಕು, ಕೈ ತಪ್ಪಿದರೆ ತಿದ್ದಲು ಅವಕಾಶವಿಲ್ಲ. ಬಳ್ಳಿ, ಕಮಲ, ಸುತ್ತುಸುತ್ತಾದ ವೃತ್ತಗಳು, ಗಣಪತಿ, ದಶಾವತಾರ, ರಾಮಾಯಣದ ಪಾತ್ರಗಳು ಈ ಎರಡೇ ಬಣ್ಣಗಳಲ್ಲಿ, ಒಂದನ್ನು ಕಳೆಯುವ ಮೂಲಕ ಇನ್ನೊಂದನ್ನು ಪಡೆಯುತ್ತ, ಮೂಡಿಬಂದವು.

ಇಲ್ಲಿ ಕೆಮ್ಮಣ್ಣಿಗೆ ಅಂಟಾಗುವುದು ಸುಣ್ಣವೇ. ಸುಟ್ಟ ಚಿಪ್ಪು ನೀರು ಕುಡಿದು ಸುಣ್ಣವಾಗುತ್ತದೆ, ಆ ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಚಿಪ್ಪಿನ ಮೂಲವಸ್ತುವಾದ ಸುಣ್ಣಕಲ್ಲಿಗೆ ತಿರುಗುತ್ತದೆ; ಈ ತಿರುಗುವಿಕೆಯಲ್ಲಿ ಕೆಮ್ಮಣ್ಣಿನ ಕಣಗಳು ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತವೆ. ಹಸಿ ಸುಣ್ಣದ ತೀಕ್ಷ್ಣ ಕ್ಷಾರವನ್ನು ತಡೆದುಕೊಳ್ಳದ ಬಣ್ಣಗಳು ಹಲವು, ಕೆಮ್ಮಣ್ಣು ಅದನ್ನು ಸುಲಭವಾಗಿ ತಾಳುತ್ತದೆ. ಕರಾವಳಿಯ ಕಲಾವಿದ ಬೇರೆ ಬಣ್ಣಗಳನ್ನು ಬಿಟ್ಟು ಕೆಂಪೊಂದನ್ನೇ ಹಿಡಿದದ್ದರಲ್ಲಿ ಬಡತನವನ್ನು ಕಾಣುವುದಕ್ಕಿಂತ, ತನ್ನ ವಸ್ತುವನ್ನು ಬಲ್ಲವನ ಖಚಿತ ಆಯ್ಕೆಯನ್ನು ಕಾಣುವುದು ನ್ಯಾಯ.

ಇದರ ಮೂಲದ ಬಗ್ಗೆ ಚರ್ಚೆಯಿದೆ. ಇಟಲಿಯಲ್ಲಿ ಪದರವನ್ನು ಕೆರೆದು ಚಿತ್ರ ಮಾಡುವ ಸ್ಗ್ರಫಿಟೊ ಎಂಬ ಪದ್ಧತಿ ಇದ್ದುದರಿಂದ, ಪೋರ್ಚುಗೀಸರ ಮೂಲಕ ಅದು ಗೋವೆಗೆ ಬಂದಿರಬಹುದೆಂಬ ಊಹೆ ಉಂಟು. ಹೋಲಿಕೆ ಒಂದರಿಂದಲೇ ಹುಟ್ಟನ್ನು ನಿರ್ಧರಿಸುವುದು ಸರಿಯಲ್ಲ, ಏಕೆಂದರೆ ಬಿಳಿಯ ಮೇಲೆ ಕೆಂಪಿರಿಸುವ ಉಪಾಯ ಚಂದ್ರವಳ್ಳಿಯ ಕುಂಬಾರನಿಗೂ ಗೊತ್ತಿತ್ತು. ಆದರೂ ಈ ಕಲೆ ಹೊರಜಗತ್ತಿಗೆ ಮುಚ್ಚಿಕೊಂಡಿರಲಿಲ್ಲ ಎಂಬುದಕ್ಕೆ ಒಂದು ಮಾತು ಸಾಕ್ಷಿಯಾಗಿದೆ. ಕಾವಿ ಕಲೆಯ ಕೆಂಪು ಮಣ್ಣಿಗೆ ಕೊಂಕಣಿಯಲ್ಲಿ ಉರಮಂಜಿ ಎಂಬ ಹೆಸರಿದೆ, ಕನ್ನಡದಲ್ಲಿ ಅದು ಹುರಮಂಜಿ, ಹುರಮಂಜು ಎಂದು ಬಳಕೆಯಾಗಿದೆ. ಈ ಪದ ಪರ್ಷಿಯಾ ಕೊಲ್ಲಿಯ ಬಾಯಿಯಲ್ಲಿರುವ ಹೊರ್ಮುಜ್ ದ್ವೀಪದ ಹೆಸರಿನಿಂದ ಬಂದದ್ದು; ಆ ದ್ವೀಪ ಇಂದಿಗೂ ತನ್ನ ರಕ್ತಗೆಂಪು ಮಣ್ಣಿಗೆ ಹೆಸರಾಗಿದೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳ ದೊಡ್ಡ ಪಾಲು ಹೊರ್ಮುಜ್‌ನಿಂದ ಹಡಗೇರಿ ಭಟ್ಕಳ ಮತ್ತು ಗೋವೆಯ ಬಂದರುಗಳಲ್ಲಿ ಇಳಿಯುತ್ತಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಹೊರ್ಮುಜ್ ಅನ್ನೂ ವಶಪಡಿಸಿಕೊಂಡು, ಹೊರ್ಮುಜ್ ಅನ್ನು 1622ರವರೆಗೆ ಹಿಡಿದಿಟ್ಟುಕೊಂಡಾಗ ಈ ಹಾದಿಯ ಎರಡು ತುದಿಗಳೂ ಒಂದೇ ಕೈಗೆ ಬಂದಿದ್ದವು. ಕಾಲಿಟ್ಟಲ್ಲೆಲ್ಲ ಕೆಮ್ಮಣ್ಣಿರುವ ನಾಡು ಕಡಲಾಚೆಯ ಕೆಮ್ಮಣ್ಣಿನ ಹೆಸರನ್ನು ತನ್ನ ಮಾತಿನೊಳಗೆ ಉಳಿಸಿಕೊಂಡದ್ದು, ಬಣ್ಣದ ಗುಣವನ್ನು ಇಲ್ಲಿನ ಕುಶಲಕರ್ಮಿಗಳು ಎಷ್ಟು ಸೂಕ್ಷ್ಮವಾಗಿ ಬೇರ್ಪಡಿಸಿ ನೋಡುತ್ತಿದ್ದರೆಂಬುದನ್ನು ಹೇಳುತ್ತದೆ.

ಉತ್ತರ ಕನ್ನಡದ ಕಾವಿ ಕಲೆ ಕನ್ನಡ ಓದುಗರ ಅರಿವಿಗೆ ಬಂದದ್ದು ಮುಖ್ಯವಾಗಿ ಹೊನ್ನಾವರ ಮೂಲದ ವಿಜ್ಞಾನಿ, ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತರ ದಾಖಲೆಗಳಿಂದ. ಅವರು ಊರೂರು ಸುತ್ತಿ ಚಿತ್ರಗಳನ್ನು ತೆಗೆದು ವಿಧಾನವನ್ನು ಬರೆದಿಡುವ ಹೊತ್ತಿಗೆ ಗೋಡೆಗಳು ಮರೆಯಾಗತೊಡಗಿದ್ದವು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗಾರೆಯನ್ನು ಕೆಡವಿ ಸಿಮೆಂಟು ಬಳಿಯುವುದು, ಉಳಿದಿರುವ ಕೆತ್ತನೆಯ ಮೇಲೆ ತೈಲವರ್ಣವನ್ನು ಹಚ್ಚುವುದು ಇವೆರಡೂ ಈ ಕಲೆಗೆ ಮಾರಕವಾದವು. ಎರಡನೆಯದು ಭಕ್ತಿಯಿಂದಲೇ ನಡೆಯುವುದಾದರೂ ಅದರ ಹಾನಿ ಮೊದಲನೆಯದಕ್ಕಿಂತ ಕಡಿಮೆಯಲ್ಲ: ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತ ಬದುಕುತ್ತದೆ, ತೈಲವರ್ಣ ಅದರ ಉಸಿರುಗಂಡಿಗಳನ್ನು ಮುಚ್ಚಿದಾಗ ಒಳಗೆ ಸಿಕ್ಕ ನೀರು ಗಾರೆಯನ್ನು ಒಳಗಿನಿಂದಲೇ ಕಳಚುತ್ತದೆ. ಶತಮಾನಗಳ ಮಳೆಯನ್ನು ತಡೆದ ಗೋಡೆ ಒಂದು ಡಬ್ಬಿ ಬಣ್ಣದಿಂದ ಉದುರತೊಡಗುವುದು ನೋಡಿದವರಿಗೆ ಸಂಕಟದ ವಿಷಯ.

ಘಟ್ಟ ಹತ್ತಿ ಸಾಗರ, ಸೊರಬ, ಹೊಸನಗರ, ಸಿದ್ದಾಪುರದ ಸೀಮೆಗೆ ಬಂದರೆ ಕೆಮ್ಮಣ್ಣಿನ ಜೊತೆಗಿನ ವ್ಯವಹಾರವೇ ಬೇರೆಯಾಗುತ್ತದೆ. ಇಲ್ಲಿನ ದೀವರ ಸಮುದಾಯದ ಹೆಂಗಸರು ಮನೆಯ ಮಣ್ಣುಗೋಡೆಯ ಮೇಲೆ ಬರೆಯುವ ಚಿತ್ರವನ್ನು ಹಸೆ ಚಿತ್ತಾರ ಎನ್ನುತ್ತಾರೆ. ಹಸೆ ಎಂದರೆ ಮದುವೆಯಲ್ಲಿ ವಧೂವರರು ಕೂರುವ ಮಂಗಳಾಸನ, ಹಸೆಮಣೆ ಎಂಬ ಮಾತಿನಲ್ಲಿರುವುದೂ ಅದೇ; ಆ ಆಸನದ ಹಿಂದಿನ ಗೋಡೆ ಹಸೆಗೋಡೆ. ಕನ್ನಡ ನಾಡಿನ ಉದ್ದಗಲಕ್ಕೂ ಹಬ್ಬಕ್ಕೆ ಮೊದಲು ನಡೆಯುವ ಮನೆಗೆಲಸಕ್ಕೆ ಸಾರಣೆ ಕಾರಣೆ ಎಂಬ ಜೋಡಿಮಾತಿದೆ. ಸಗಣಿ ಅಥವಾ ಮಣ್ಣಿನಿಂದ ನೆಲಗೋಡೆಗಳನ್ನು ಬಳಿಯುವುದು ಸಾರಣೆ, ಕೆಮ್ಮಣ್ಣು ಸುಣ್ಣಗಳಿಂದ ಅಂಚುಪಟ್ಟಿ, ಗೆರೆಗಳನ್ನು ಎಳೆಯುವುದು ಕಾರಣೆ. ದೇವಾಲಯಗಳ ಪೌಳಿಗೋಡೆಗಳಲ್ಲಿ ಇಂದಿಗೂ ಕಾಣುವ ಕೆಂಪು ಬಿಳಿ ಪಟ್ಟೆಗಳು ಈ ಕಾರಣೆಯವೇ. ಹಸೆ ಚಿತ್ತಾರ ಈ ದಿನಬಳಕೆಯ ಕೆಲಸದಿಂದಲೇ ಮೇಲೆದ್ದ ಕಲೆ.

ಅದರ ಸಾಮಗ್ರಿಯಲ್ಲಿ ಪೇಟೆಯಿಂದ ತಂದದ್ದು ಏನೂ ಇಲ್ಲ. ಗೋಡೆಗೆ ಕೆಮ್ಮಣ್ಣಿನ ಹಿನ್ನೆಲೆ. ಅದರ ಮೇಲೆ ನೆನೆಸಿ ನುಣ್ಣಗೆ ಅರೆದ ಅಕ್ಕಿಯ ಬಿಳುಪು. ಸುಟ್ಟು ಕರಿಕಾಗಿಸಿದ ಅಕ್ಕಿಯ ಕಪ್ಪು. ಗುರಿಗೆ ಕಾಯಿಯಿಂದ ಬರುವ ಹಳದಿ. ಕುಂಚವೆಂದರೆ ಜಜ್ಜಿ ಎಳೆಗೊಳಿಸಿದ ಪುಂಡಿನಾರು. ಈ ನಾರಿನಿಂದ ಕೈಯೆತ್ತದೆ ಎಳೆಯುವ ನೇರ ಗೆರೆಗಳೇ ಚಿತ್ತಾರದ ಜೀವಾಳ. ಚೌಕಟ್ಟಿನೊಳಗೆ ಚೌಕಟ್ಟು, ಅದರೊಳಗೆ ಮಾಡು, ತೇರು, ದಂಡಿಗೆ, ಭತ್ತದ ತೆನೆ, ತ್ರಿಕೋನಗಳಿಂದಾದ ಗೊಂಬೆಗಳಾಗಿ ನಿಂತ ಮದುಮಕ್ಕಳು ಹೀಗೆ ಅದು ತುಂಬಿಕೊಳ್ಳುತ್ತದೆ. ಬರೆಯುವ ಹೆಂಗಸರು ಜೊತೆಗೆ ಹಾಡುತ್ತಾರೆ. ಯಾವ ಗೆರೆಯ ನಂತರ ಯಾವುದು ಎಂಬ ಕ್ರಮ ತಾಯಿಯಿಂದ ಮಗಳಿಗೆ ಕೈ ಮತ್ತು ಬಾಯಿಗಳ ಮೂಲಕವೇ ದಾಟಿತು. ಸೋಮೇಶ್ವರನ ಚಿತ್ರಗಾರನಿಗೆ ಗ್ರಂಥವಿತ್ತು, ಈ ಚಿತ್ರಕ್ಕೆ ಹಾಡು ಇತ್ತು.

ಹಸೆ ಚಿತ್ತಾರದಲ್ಲಿ ಬಣ್ಣವನ್ನು ನಿಲ್ಲಿಸುವ ಅಂಟು ಅಕ್ಕಿಯ ಗಂಜಿಯಷ್ಟೇ. ಅದು ಮಳೆಗಾಲದ ತೇವಕ್ಕೆ, ಇರುವೆ ಹುಳುಗಳಿಗೆ, ಒಲೆಯ ಹೊಗೆಗೆ ಬೇಗ ಸೋಲುತ್ತದೆ. ಆದ್ದರಿಂದ ಹಳೆಯ ಚಿತ್ತಾರವೊಂದನ್ನು ಹುಡುಕಿ ಇದರ ಪ್ರಾಚೀನತೆಯನ್ನು ಸಾಧಿಸಲು ಹೊರಡುವುದು ವ್ಯರ್ಥ. ಮುಂದಿನ ಹಬ್ಬಕ್ಕೋ ಮದುವೆಗೋ ಗೋಡೆಯನ್ನು ಮತ್ತೆ ಸಾರಿಸಿ ಹೊಸದಾಗಿ ಬರೆಯುವುದೇ ಇದನ್ನು ಉಳಿಸುವ ಬಗೆಯಾಗಿತ್ತು. ಬಂಡೆಯೂ ವಜ್ರಲೇಪವೂ ಸುಣ್ಣವೂ ಮಾಡಿದ ಕೆಲಸವನ್ನು ಇಲ್ಲಿ ಮರುಬರಹ ಮಾಡಿತು. ಈ ಬಗೆಗೆ ಒಂದು ಗೋಡೆ, ಒಂದು ಮನೆ, ಕಲಿತ ಕೈ ಮೂರೂ ಒಂದೇ ಜಾಗದಲ್ಲಿ ಉಳಿದಿರಬೇಕು; ಇಪ್ಪತ್ತನೆಯ ಶತಮಾನದಲ್ಲಿ ಆ ಜಾಗವೇ ಅಲುಗಿತು. ದೀವರಲ್ಲಿ ಹೆಚ್ಚಿನವರು ಗೇಣಿ ಒಕ್ಕಲುಗಳಾಗಿದ್ದರು, ಅಂದರೆ ಬೇರೆಯವರ ಭೂಮಿಯನ್ನು ಉತ್ತು ಬೆಳೆಯ ಪಾಲನ್ನು ಒಡೆಯರಿಗೆ ಅಳೆಯುವವರು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ಮುಂಚೂಣಿಯಲ್ಲಿ ಇದ್ದವರು ಇವರೇ. ತಮ್ಮದಲ್ಲದ ನೆಲದ ಮಣ್ಣನ್ನು ತಮ್ಮ ಮನೆಯ ಗೋಡೆಗೆ ಬಳಿದು ಚಿತ್ತಾರ ಬರೆದ ತಲೆಮಾರುಗಳ ಕಥೆಯನ್ನು ಭೂಹೋರಾಟದ ಚರಿತ್ರೆಯಿಂದ ಬೇರ್ಪಡಿಸಿ ಹೇಳಲಾಗದು. ಅದೇ ಸೀಮೆಯ ಶರಾವತಿ ಕಣಿವೆಯಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಹಳ್ಳಿಗಳೇ ಮುಳುಗಿದವು. ಗುಳೆ ಎದ್ದವರು ಪಾತ್ರೆಪಗಡಗಳನ್ನು ಗಾಡಿಗೆ ಹೇರಿಕೊಂಡು ಹೋಗಬಹುದಿತ್ತು, ಹಸೆಗೋಡೆಯನ್ನು ಹೊತ್ತು ಹೋಗುವಂತಿರಲಿಲ್ಲ. ಮುಂದೆ ಸಿಮೆಂಟಿನ ಮನೆಗಳು ಬಂದ ಮೇಲೆ, ತೇವ ಹೀರದ ಅವುಗಳ ಗೋಡೆಗೆ ಕೆಮ್ಮಣ್ಣು ಕೂರದಾಯಿತು. ಚಿತ್ತಾರ ಕಾಗದ, ಬಟ್ಟೆ, ಬಿದಿರಿನ ತಟ್ಟೆಗಳಿಗೆ ವರ್ಗವಾಯಿತು. ಹಾಗೆ ವರ್ಗವಾದ ಚಿತ್ತಾರ ಕೊಳ್ಳುವವರನ್ನು ಪಡೆಯಿತು, ಪ್ರದರ್ಶನಗಳನ್ನು ಕಂಡಿತು, ಆದರೆ ಅದನ್ನು ಮತ್ತೆ ಬರೆಯಬೇಕಾದ ಅಗತ್ಯವನ್ನು ಕಳೆದುಕೊಂಡಿತು.

ಆ ಅಗತ್ಯ ಇನ್ನೂ ಉಳಿದಿರುವ ಒಂದು ವಸ್ತು ಭೂಮಣ್ಣಿ ಬುಟ್ಟಿ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಗೆ, ಗದ್ದೆಯ ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ, ಪೈರನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟವನ್ನು ಬಡಿಸುವ ಹಬ್ಬಕ್ಕಾಗಿ ಈ ಬಿದಿರು ಬುಟ್ಟಿಯನ್ನು ಸಿದ್ಧಪಡಿಸುತ್ತಾರೆ. ಹೆಣಿಗೆಯ ಸಂದುಗಳು ಮುಚ್ಚುವಂತೆ ಸಗಣಿಯಿಂದ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಿಂದ ಚಿತ್ತಾರ ಬರೆಯುತ್ತಾರೆ. ಬೆಳಗಿನ ಜಾವದಲ್ಲಿ ಬುಟ್ಟಿಯ ತುಂಬ ಎಡೆಯನ್ನಿಟ್ಟು, ಮನೆಯ ಗಂಡಸು ಅದನ್ನು ತಲೆಯ ಮೇಲೆ ಹೊತ್ತು, ಇಬ್ಬನಿ ಆರುವ ಮುನ್ನ ಗದ್ದೆಯ ಬದುವಿಗೆ ತಲುಪಿಸುತ್ತಾನೆ.